ಒಂದೇ ಲೋಟದಲ್ಲಿ ಎರಡು ಮದ್ದು

ಎರಡು ಸೀಸೆ ಕಂಡರೆ ಕಾಂಪೌಂಡರನಿಗೆ ಕೈ ಸುಮ್ಮನಿರದು, ಬೆರೆಸಲೇಬೇಕು. ಅದೇ ಅವನ ಕಸುಬು, ಅದೇ ಅವನ ಗ್ರಹಚಾರ.

ಹಲ್ಲಿನ ಡಾಕ್ಟರು ಬೆಳಗ್ಗೆ ಸಭೆಗೆ ಹೊರಡುವಾಗ, ರೋಗಿಗಳು ಕೂರುವ ಕೋಣೆಯಲ್ಲಿ ಮೀನು, ಜೀವಂತ ಹವಳ ಸಾಕಿದ್ದ ಗಾಜಿನ ತೊಟ್ಟಿಯನ್ನು ತೋರಿಸಿ, "ಕ್ಯಾಲ್ಸಿಯಂ ಈಗ ಹಾಕು, ಇನ್ನೊಂದು ಸೀಸೆದು ಮಧ್ಯಾಹ್ನ. ಎರಡನ್ನೂ ಸೇರಿಸ್ಬೇಡ. ಹವಳ ಚೆನ್ನಾಗಿದ್ರೆ ನಾಳೆಯಿಂದ ನಿನಗೆ ರಜ," ಎಂದರು.

ಈ ರಜ ಆಗಲೇ ಎರಡು ಸಲ ಕೈತಪ್ಪಿತ್ತು. "ಈ ಸಲವೂ ನೀವು ತವರಿಗೆ ಬರ್ದಿದ್ರೆ ನಾನೊಬ್ಳೇ ಹೋಗ್ತೀನಿ. ವಾಪಸ್ ಬರೋ ಮಾತು ಆಮೇಲೆ," ಎಂದು ಹೆಂಡತಿ ಪೆಟ್ಟಿಗೆ ಕಟ್ಟಿಟ್ಟಿದ್ದಳು. ರಜ ಎಂಬುದೊಂದೇ ಕಾಂಪೌಂಡರನ ತಲೆಗೆ ಹೋಯಿತು. ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ತಾನೆ ಎಂದು ಎರಡನ್ನೂ ಒಂದೇ ಲೋಟಕ್ಕೆ ಸುರಿದು, ಕಲಕಿ, ತೊಟ್ಟಿಗೆ ಬಗ್ಗಿಸಿದ.

ನೀರೆಲ್ಲ ಹಾಲಿನಂತೆ ಬೆಳ್ಳಗಾಯಿತು. ಮೀನು ಕಾಣೆಯಾದವು, ಹವಳಗಳು ಮುದುಡಿಕೊಂಡವು.

"ಸುಣ್ಣ ಬಳಿದ್ಯೇನಯ್ಯಾ ಒಳಗೆ?" ಎಂದರು ಕಟ್ಟಿಸಿದ ಹಲ್ಲು ಸಡಿಲವಾಯಿತೆಂದು ಬಂದು ಕೂತಿದ್ದ ಮೇಷ್ಟ್ರು.

ಎದುರಂಗಡಿಯ ಟೈಲರ್ ಓಡಿ ಬಂದ. "ವಿನೆಗರ್ ಹಾಕು, ಸುಣ್ಣ ಕರಗುತ್ತೆ!"

"ಮೀನೂ ಕರಗುತ್ತೆ ಕಣೋ!" ಎಂದ ಕಾಂಪೌಂಡರ್.

"ಹಾಗಾದ್ರೆ ಸೋಸೋಣ," ಎಂದು ಟೈಲರ್ ಯಾರದೋ ಕೋಟಿನ ಲೈನಿಂಗ್ ಬಟ್ಟೆ ತಂದ. ಮೇಷ್ಟ್ರು ಉಸ್ತುವಾರಿಗೆಂದು ತೊಟ್ಟಿಯ ಮೇಲೆ ಬಗ್ಗಿದರು. ಬಾಯಿ ತೆರೆದದ್ದೇ ತಡ, ಹಲ್ಲುಸೆಟ್ಟು ಬುಳುಕ್ಕನೆ ಮುಳುಗಿತು.

ಇನ್ನು ಅದನ್ನು ಹುಡುಕಲು ಅರ್ಧ ತೊಟ್ಟಿ ಬರಿದು ಮಾಡಬೇಕಾಯಿತು. ಹಲ್ಲು ಸಿಕ್ಕ ಮೇಲೆ, ಡಾಕ್ಟರು ಡ್ರಮ್ಮಿನಲ್ಲಿ ಬೆರೆಸಿಟ್ಟು ಮರೆತಿದ್ದ ಹೊಸ ಉಪ್ಪುನೀರನ್ನು ಮೂವರೂ ದೇವರ ಮೇಲೆ ಭಾರ ಹಾಕಿ ತುಂಬಿದರು.

ಸಂಜೆ ಡಾಕ್ಟರು ಬಂದಾಗ ನೀರು ಗಾಜಿನಂತೆ ತಿಳಿಯಾಗಿತ್ತು. ಹವಳಗಳು ಹೂವಿನಂತೆ ಬಿರಿದಿದ್ದವು.

"ಇಷ್ಟು ಅರಳಿದ್ದನ್ನ ನಾನೇ ನೋಡಿಲ್ವಲ್ಲೋ! ಇದನ್ನ ಬಿಟ್ಟು ಹೋಗೋಕೆ ಧೈರ್ಯ ಇಲ್ದೆ ಊರು ದಾಟಿ ವರ್ಷಗಳಾದ್ವು. ನಾಳೆಯಿಂದ ನಾನೇ ಪ್ರವಾಸ ಹೊರಡ್ತೀನಿ. ನಿನ್ನ ರಜ ಆಮೇಲೆ ನೋಡೋಣ."

ಕಾಂಪೌಂಡರನಿಗೆ ಉಳಿದದ್ದು ಒಂದೇ ದಾರಿ. ಸೀಸೆ, ಸುಣ್ಣ, ಹಲ್ಲುಸೆಟ್ಟು ಎಲ್ಲವನ್ನೂ ಒಪ್ಪಿಕೊಂಡು, "ನನ್ನನ್ನ ನಂಬಬೇಡಿ ಸಾರ್," ಎಂದು ಗೋಗರೆದ.

ಡಾಕ್ಟರ ಕಣ್ಣು ತುಂಬಿತು. "ಕೆಡಿಸಿದ್ದನ್ನ ಸರಿಮಾಡೋಕೂ ಗೊತ್ತು, ಮುಚ್ಚಿಡದೆ ಹೇಳೋಕೂ ಗೊತ್ತು. ಇಂಥೋನು ನನಗೆ ಮತ್ತೆಲ್ಲಿ ಸಿಗ್ತಾನೆ?" ಎಂದು ಕ್ಲಿನಿಕ್ಕಿನ ಬೀಗದ ಕೈಯನ್ನೇ ಅವನ ಕೈಗಿಟ್ಟರು.

ಕಾಂಪೌಂಡರ್ ತಿರುಗಿ ನೋಡಿದ. ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ಹೆಂಡತಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಒಟ್ಟಿಗೆ ಸೇರಿಸಿದ್ರೆ ತಾನೆ ಕೆಡೋದು?" ಎಂದಳು ತಣ್ಣಗೆ. "ನೀವಿಲ್ಲೇ ಇರಿ, ನಾನು ತವರಲ್ಲಿರ್ತೀನಿ. ಇನ್ಮೇಲೆ ಬೇರೆ ಬೇರೆ ಸೀಸೆ."