ಬೀಳಿಸಲು ಮಾತ್ರ ಬಲ್ಲ ಸುರುಳಿ

ಮುಂಬಯಿಯ ಮುಲುಂಡಿನಲ್ಲಿ ನಮ್ಮ ಮನೆ ಇರುವುದು ನಾಲ್ಕನೇ ಮಹಡಿಯಲ್ಲಿ. ಮನೆಯ ಮುಖ್ಯ ಬ್ರೇಕರ್ ಇರುವುದು ಬಿಲ್ಡಿಂಗಿನ ತಳದ ಮೀಟರ್ ರೂಮಿನಲ್ಲಿ. ನನ್ನ ಹೆಂಡತಿ ಭಾವನಾ ಗೀಸರ್, ಇಸ್ತ್ರಿ, ಮಿಕ್ಸಿ ಎಲ್ಲವನ್ನೂ ಒಟ್ಟಿಗೆ ಓಡಿಸಿದಾಗಲೆಲ್ಲ ಅದು ಧೊಪ್ಪನೆ ಬೀಳುತ್ತದೆ. ಎತ್ತಲು ಲುಂಗಿಧಾರಿಯಾದ ನಾನು ಇಳಿಯಬೇಕು. ಲಿಫ್ಟಿನಲ್ಲಿ ಎದುರು ಮನೆಯ ಶುಭಾಂಗಿ, "ಪುನ್ಹಾ ಪಡ್ಲಾ ಕಾ?" ಎಂದು ಮರಾಠಿಯಲ್ಲಿ, ಮತ್ತೆ ಬಿತ್ತಾ ಎಂದು, ವಿಚಾರಿಸುತ್ತಾರೆ. (ಕೇಳುವ ಧಾಟಿಗೆ, ಬಿದ್ದದ್ದು ನಾನೇ ಎಂದುಕೊಳ್ಳಬೇಕು.)

ಇದು ಬೀಳುವುದಾದರೂ ಹೇಗೆ ಎಂಬ ಕುತೂಹಲ ನನ್ನನ್ನು ಹಿಡಿಯಿತು. ಎಲೆಕ್ಟ್ರಿಷಿಯನ್ ಮನೀಶನಿಂದ ಕೆಟ್ಟ ಬ್ರೇಕರೊಂದನ್ನು ತಂದು ಊಟದ ಮೇಜಿನ ಮೇಲೆ ಬಿಚ್ಚಿದೆ. ಒಳಗೆ ತಾಮ್ರದ ಪುಟ್ಟ ಸುರುಳಿ, ಅದರ ನಡುವೆ ಕಬ್ಬಿಣದ ಕಡ್ಡಿ.

"ನೋಡು, ಮನೆಯ ಕರೆಂಟೆಲ್ಲ ಇದರಲ್ಲೇ ಹಾದು ಹೋಗೋದು. ಅತಿಯಾದ್ರೆ ಸುರುಳಿ ಅಯಸ್ಕಾಂತ ಆಗಿ ಕಡ್ಡಿನ ಎಳೆಯುತ್ತೆ, ಸ್ವಿಚ್ ಬೀಳುತ್ತೆ."

"ಮನೆಯವರ ಭಾರ ಎಲ್ಲಾ ಹೊತ್ತು ಹೊತ್ತು ಕೊನೆಗೆ ತಲೆ ಕೆಡುತ್ತೆ ಅನ್ನಿ. ನನ್ನ ಕೇಳಿದ್ರೆ ನಾನೇ ಹೇಳ್ತಿದ್ನಲ್ರೀ," ಎಂದು ಭಾವನಾ ಚಿತ್ರಾನ್ನದ ಪಕ್ಕದಿಂದ ಸ್ಕ್ರೂಗಳನ್ನು ಸರಿಸಿದಳು.

ಇನ್ನಷ್ಟು ಓದಿದಾಗ ಇನ್ನೊಂದು ಬಗೆಯ ಬ್ರೇಕರ್ ಸಿಕ್ಕಿತು. ಅದರಲ್ಲಿ ಸುರುಳಿಗೆ ಮನೆಯ ಭಾರದ ಹಂಗಿಲ್ಲ. ಅದಕ್ಕೆ ಬೇರೆಯೇ ತಂತಿ. ದೂರದಲ್ಲೆಲ್ಲೋ ಗುಂಡಿ ಒತ್ತಿದರೆ ಇಲ್ಲಿ ಬ್ರೇಕರ್ ಬೀಳುತ್ತದೆ. ಇದು ಯಾರಿಗೆ ಬೇಕು ಎಂದುಕೊಳ್ಳುತ್ತಿದ್ದೆ.

ಆ ಭಾನುವಾರ ದಹಿಸರಿನಲ್ಲಿರುವ ಭಾವನಾಳ ಅಣ್ಣನ ಮನೆಗೆ ಹೊರಟೆವು. ಸ್ಟೇಷನ್ನಿನಲ್ಲಿ ಲೋಕಲ್ ಬರುತ್ತಿರುವಾಗಲೇ, "ಇಸ್ತ್ರಿ ಆಫ್ ಮಾಡಿದ್ನಾ?" ಎಂದು ನಿಂತುಬಿಟ್ಟಳು. ವಾಪಸ್ ಬಂದೆವು. ಆಫ್ ಆಗಿಯೇ ಇತ್ತು. ಊಟ ತಪ್ಪಿತು, ನನಗೆ ಜ್ಞಾನೋದಯವಾಯಿತು: ಹೊರಡುವಾಗ ಒಂದು ಗುಂಡಿ ಒತ್ತಿದರೆ ಮನೆಯೆಲ್ಲ ಆಫ್.

"ಘರ್ ಮೇ ಐಸಾ ಕೋಯೀ ನಹೀ ಲಗಾತಾ, ಅಂಕಲ್," ಮನೆಗೆ ಯಾರೂ ಇಂಥದ್ದು ಹಾಕಿಸುವುದಿಲ್ಲ ಎಂದು ಗೊಣಗುತ್ತಲೇ ಮನೀಶ್ ಕೆಳಗೆ ಬ್ರೇಕರಿಗೆ ಸುರುಳಿ ಜೋಡಿಸಿ, ಮೇಲೆ ಬಾಗಿಲ ಬಳಿ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಕೆಂಪು ಗುಂಡಿ ಕೂರಿಸಿದ.

ನಾನು ಸಕಲ ಗಾಂಭೀರ್ಯದಿಂದ ಒತ್ತಿದೆ. ಫ್ರಿಜ್ಜು, ಫ್ಯಾನು ಎಲ್ಲವೂ ಮೌನವ್ರತ ಹಿಡಿದವು.

"ಚೆನ್ನಾಗಿದೆ. ಮತ್ತೆ ಎತ್ತೋ ಗುಂಡಿ ಎಲ್ಲಿ?" ಎಂದಳು ಭಾವನಾ.

"ಅದಿಲ್ಲ. ಈ ಸುರುಳಿಗೆ ಬೀಳಿಸೋದಷ್ಟೇ ಗೊತ್ತು. ಎತ್ತೋಕೆ ಕೆಳಗೇ ಹೋಗ್ಬೇಕು."

"ಯಾರು?"

"ಇನ್ಯಾರು, ನಾನೇ."

ಭಾವನಾ ಗುಂಡಿಯನ್ನು ಬಗ್ಗಿ ಬಗ್ಗಿ ನೋಡಿದಳು. ವಿದ್ಯುತ್ ಶಾಸ್ತ್ರದಲ್ಲಿ ಅವಳಿಗೆ ಅಷ್ಟು ಆಸಕ್ತಿ ನಾನೆಂದೂ ಕಂಡಿರಲಿಲ್ಲ. ನನ್ನ ಕುತೂಹಲ ಅವಳಿಗೂ ಅಂಟಿತಲ್ಲ ಎಂದು ಹಿಗ್ಗಿದೆ.

ಮಾರನೆಯ ವಾರ ಕ್ರಿಕೆಟ್ ಮ್ಯಾಚು ರೋಚಕ ಘಟ್ಟಕ್ಕೆ ಬಂದಿತ್ತು. ಅಡುಗೆಮನೆಯಿಂದ ದನಿ: "ರೀ, ಕೊತ್ತಂಬರಿ ತಂದ್ಕೊಡ್ತೀರಾ?"

"ಈ ಓವರ್ ಮುಗೀಲಿ."

ಬಾಗಿಲ ಕಡೆಗೆ ಹೆಜ್ಜೆ ಸಪ್ಪಳ ಕೇಳಿಸಿತು. ಬೌಲರ್ ಕೈ ಎತ್ತಿದ, ಟೀವಿ ಕಪ್ಪಾಯಿತು.

"ಬಿತ್ತು ಅನ್ಸುತ್ತೆ," ಎಂದಳು ಭಾವನಾ ಶಾಂತವಾಗಿ. "ಹೇಗೂ ಕೆಳಗೆ ಇಳೀತೀರಲ್ಲ, ಭಾಜಿಯವನು ಗೇಟಿನ ಹತ್ರಾನೇ ಇದ್ದಾನೆ. ನಿಂಬೆಹಣ್ಣೂ ತಂದ್ಬಿಡಿ."

ಚೀಲ ಅವಳ ಕೈಯಲ್ಲಿ ಆಗಲೇ ಸಿದ್ಧವಾಗಿತ್ತು.