‘ಬ್ಯಾಡ್ರಿ, ಈಗ ಉಂಡೇ ಬಂದೇನಿ’

ನನಗೊಂದು ರೋಗವಿದೆ. ಯಾರಾದರೂ ಏನನ್ನಾದರೂ ಕೊಡಲು ಬಂದರೆ, ಅದು ನನಗೆ ಬೇಕೇ ಬೇಕಾಗಿದ್ದರೂ, ಬಾಯಿ ನನ್ನನ್ನು ಒಂದು ಮಾತು ಕೇಳದೆ ‘ಬ್ಯಾಡ್ರಿ’ ಎಂದುಬಿಡುತ್ತದೆ. ಇದು ನನ್ನೊಬ್ಬನ ರೋಗವಲ್ಲ. ಹಾನಗಲ್ಲಿನಿಂದ ಸವಣೂರಿನವರೆಗೆ ಮರ್ಯಾದಸ್ಥರೆನಿಸಿಕೊಂಡವರ ಮನೆಗಳಲ್ಲೆಲ್ಲ ಇದೆ. ಚಹಾ ತರಲೇ ಎಂದರೆ ಬೇಡ, ಊಟಕ್ಕೆ ಏಳಿ ಎಂದರೆ ಈಗ ಉಂಡೇ ಬಂದೇನಿ. ಕರೆಯುವವರು ಮತ್ತೆ ಮತ್ತೆ ಕರೆಯಬೇಕು, ಕೈ ಹಿಡಿದು ಜಗ್ಗಬೇಕು, ‘ಹಂಗಾರ ನಾವು ಹೊರಗಿನವರಾದ್ವೇನು?’ ಎಂದು ಮುಖ ಸಣ್ಣದು ಮಾಡಬೇಕು. ಆಮೇಲೆ, ಅವರ ಮನಸ್ಸು ನೋಯಬಾರದೆಂಬ ಒಂದೇ ಕಾರಣಕ್ಕೆ, ನಾವು ಹೊಟ್ಟೆ ಬಿರಿಯುವಂತೆ ಉಣ್ಣಬೇಕು. ನಮ್ಮವ್ವ ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ್ದು ಇದನ್ನೇ. “ಕರದಕೂಡ್ಲೆ ಎಲಿ ಮುಂದ ಕುಂತ್ರ ಇವರ ಮನಿಯಾಗ ಏನೂ ಇಲ್ಲಂತ ತಿಳೀತಾರ ನೋಡಪಾ” ಎನ್ನುತ್ತಿದ್ದಳು.

ಶಿಗ್ಗಾವಿಯ ನನ್ನ ಸೋದರಮಾವ ಒಂದು ಮದುವೆಯಲ್ಲಿ ಹೋಳಿಗೆ ಬಂದಾಗ ರೂಢಿಯಂತೆ ಎಲೆಯ ಮೇಲೆ ಕೈ ಅಡ್ಡ ಹಿಡಿದನಂತೆ. ಬಡಿಸುತ್ತಿದ್ದವನು ಯಾವುದೋ ಬೇರೆ ಸೀಮೆಯವನು. ನಿಜವಾಗಿಯೇ ಬೇಡವೆಂದು ತಿಳಿದು ಮುಂದಿನ ಎಲೆಗೆ ಹೋಗಿಬಿಟ್ಟ. ಆ ಮದುವೆಯ ಗಂಡಿಗೆ ಈಗ ಮೊಮ್ಮಕ್ಕಳಾಗಿದ್ದಾರೆ. ಮಾವ ಇಂದಿಗೂ ಆ ಮನೆತನದವರ ಜೊತೆ ಮಾತಾಡುವುದಿಲ್ಲ. ನಾನು ಅಷ್ಟು ಮುಂಗೋಪಿಯಲ್ಲ, ಆದರೆ ರಕ್ತ ಅದೇ.

ಯುದ್ಧದ ಕಾಲ. ಪೆಟ್ರೋಲು ಸಿಗದೆ ನಮ್ಮ ಕಡೆಯ ಬಸ್ಸುಗಳ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿ, ಅದರ ಹೊಗೆಯ ಬಲದ ಮೇಲೆ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ದೊಡ್ಡ ಮಾತಾಯಿತು, ದಾಟಿಸುತ್ತಿದ್ದರು ಎನ್ನಿ. ಹಾನಗಲ್ಲಿನಲ್ಲಿ ಕನ್ನಡ ಶಾಲೆಯ ಮಾಸ್ತರನಾಗಿದ್ದ ನಾನು ಹಿರೇಕೆರೂರಿನ ಅಕ್ಕನ ಮನೆಗೆ ಹೋಗಿ, ಮಧ್ಯಾಹ್ನ ಊಟ ಮುಗಿಸಿ, ಅಂಥದೊಂದು ಬಸ್ಸಿನಲ್ಲಿ ಹಿಂದಿರುಗುತ್ತಿದ್ದೆ. ಹತ್ತಿದ ಕೂಡಲೇ ಒಬ್ಬ ರೈತ ಪಾಪ ಸರಿದು, “ಇಲ್ಲೆ ಕುಂದರ್ರಿ ಮಾಸ್ತರ” ಎಂದ. ನನ್ನ ಬಾಯಿ “ಇರ್ಲಿ ಬಿಡ್ರಿ” ಎಂದಿತು. ಅವನು ಬಿಟ್ಟ. ಚಿಕ್ಕೇರೂರಿನವರೆಗೆ ನಿಂತೇ ಬಂದೆ. ಚಿಕ್ಕೇರೂರು ದಾಟಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಒಲೆ ಆರಿ ಬಸ್ಸು ನಿಂತಿತು. ಇದ್ದಿಲು ಹಸಿಯಾಗಿದೆ, ಮತ್ತೆ ಹೊತ್ತಿಸಿ ಗಾಳಿ ಹಾಕಿ ಕಾಯಬೇಕು, ಕತ್ತಲಾಗುತ್ತದೆ ಎಂದು ಡ್ರೈವರ್ ಹೇಳಿದ. ಎದುರಿನ ಹಳ್ಳಿಯ ತುದಿಯಲ್ಲಿ ಕಲ್ಲಿನ ಹಳೆಯ ಬಸದಿಯೊಂದು ಕಾಣುತ್ತಿತ್ತು. ಕಲಿತವನು ಹಳೆಯ ಕಲ್ಲು ಕಂಡರೆ ಹೋಗಿ ನೋಡಬೇಕು ಎಂಬ ಭಾವನೆ ನನಗೆ ಯಾವಾಗಲೂ ಜನರೆದುರಿಗೇ ಬರುತ್ತದೆ. ಚೀಲವನ್ನು ಬಸ್ಸಿನಲ್ಲೇ ಬಿಟ್ಟು, ಛತ್ರಿ ಮಾತ್ರ ಹಿಡಿದು ನಡೆದೆ. ಮಳೆಗಾಲ ಇನ್ನೂ ಎಷ್ಟೋ ದೂರವಿತ್ತು, ಆದರೆ ಮಾಸ್ತರನ ಛತ್ರಿಗೂ ಮಳೆಗೂ ಸಂಬಂಧವಿಲ್ಲ.

ಬಸದಿಯ ಪೂಜೆ ಮಾಡುವ ಜಿನ್ನಪ್ಪ ಉಪಾಧ್ಯೆಯವರು ಬಾಗಿಲಲ್ಲೇ ಸಿಕ್ಕರು. ತೆಳ್ಳಗಿನ ಮುದುಕರು, ಮಾತು ನಿಧಾನ. “ಬರ್ರಿ, ಬರ್ರಿ. ಚಪ್ಪಲಿ ಅಲ್ಲೇ ಬಿಡ್ರಿ. ಆ ನಡದ ಪಟ್ಟಾನೂ ಬಿಡಬೇಕಾಗ್ತೈತ್ರಿ. ಚರ್ಮದ್ದು ಒಳಗ ನಡಿಯೂದಿಲ್ಲ” ಎಂದರು. ನನಗೆ ಧೋತರ ಉಡಲು ಸರಿಯಾಗಿ ಬರುವುದಿಲ್ಲ. ನನ್ನ ಧೋತರ ನಿಂತಿರುವುದೇ ಆ ಪಟ್ಟಾದ ಮೇಲೆ. ಬಿಚ್ಚಿಟ್ಟು, ಒಂದು ಕೈಯಲ್ಲಿ ಧೋತರ ಹಿಡಿದು ಒಳಗೆ ಹೋದೆ. ಒಳಗೆ ಹೋದಮೇಲೆ ನೆನಪಾಯಿತು, ಅಕ್ಕನ ಮನೆಯಲ್ಲಿ ಹಸಿ ಉಳ್ಳಾಗಡ್ಡಿ, ಬಳ್ಳೊಳ್ಳಿ ಚಟ್ನಿ ಹಚ್ಚಿ ರೊಟ್ಟಿ ತಿಂದಿದ್ದೆ. ಇವರು ಮುಟ್ಟದ ಎರಡು ಪದಾರ್ಥಗಳು, ಎರಡೂ ನನ್ನ ಬಾಯಲ್ಲಿ. ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಕೈ ಮುಗಿಯಲು ಮೂರನೆಯ ಕೈ ಇರಲಿಲ್ಲ. ಎದುರಿಗೆ ಕಪ್ಪು ಕಲ್ಲಿನ ಪಾರ್ಶ್ವನಾಥ. ಬಟ್ಟೆಯ ಚಿಂತೆಯನ್ನೇ ಬಿಟ್ಟು ನಿಂತ ದೇವರ ಮುಂದೆ ನಾನು ಧೋತರದ ಚಿಂತೆಯಲ್ಲಿ ಬೆವರುತ್ತ ನಿಂತಿದ್ದೆ. ಜಿನ್ನಪ್ಪನವರಿಗೆ ಇದು ಭಾರಿ ಭಕ್ತಿಯಾಗಿ ಕಂಡಿರಬೇಕು. “ಭಾಳ ಸಂಸ್ಕಾರದವರು ನೀವು” ಎಂದರು. ಬಾಯಿ ತೆಗೆಯುವಂತಿರಲಿಲ್ಲವಾದ್ದರಿಂದ ಹೂಂಗುಟ್ಟಿದೆ.

ಬಸದಿಗೆ ಅಂಟಿಕೊಂಡೇ ಅವರ ಮನೆ. ಪಟ್ಟಾ ಕಟ್ಟಿಕೊಂಡು, ಊರು ಉದ್ಯೋಗ ಹೇಳಿ ಜಗಲಿಯ ಮೇಲೆ ಕುಳಿತೆ. ಅವರ ಹೆಂಡತಿ ಪದ್ಮವ್ವ ಬಾಗಿಲಿಗೆ ಬಂದು, “ಊಟಕ್ಕ ಏಳ್ರಿ ಮಾಸ್ತರ, ಹೊತ್ತು ಇನ್ನೂ ಐತಿ” ಎಂದರು. ಒಳಗಿನಿಂದ ತುಪ್ಪ ಕಾಯಿಸಿದ ವಾಸನೆ ಬರುತ್ತಿತ್ತು. ನನ್ನ ಹೊಟ್ಟೆ ಎದ್ದು ಕುಳಿತಿತ್ತು. ಬಾಯಿ ಹೇಳಿತು: “ಬ್ಯಾಡ್ರಿ, ಈಗ ಉಂಡೇ ಬಂದೇನಿ.”

“ಒಂದು ತುತ್ತಾದರೂ?”

ಇಷ್ಟು ಬೇಗ ಒಪ್ಪಿದರೆ ಅವ್ವ ಏನಂದಾಳು? “ಜಳಕಾ ಮಾಡಿ ಲಿಂಗಪೂಜಿ ಆಗದ ನಾ ಸಂಜೀಮುಂದ ಬಾಯಾಗ ನೀರು ಸೈತ ಹಾಕೂದಿಲ್ರಿ. ನನ್ನ ಪೂಜಿ ಅಂದ್ರ ಭಾಳ ಹೊತ್ತು ಹಿಡಿತೈತಿ” ಎಂದೆ. ಉಂಡೇ ಬಂದವನಿಗೆ ಪೂಜೆಯ ಮಾತೇಕೆ ಎಂದು ಅವರು ಕೇಳಲಿಲ್ಲ. ಮೂರನೆಯ ಸಲ ಕರೆಯಲಿ, ಎದ್ದೇಳುತ್ತೇನೆ ಎಂದು ಒಂದು ಕಾಲು ಕೆಳಗಿಟ್ಟು ಸಜ್ಜಾಗಿದ್ದೆ. ಪದ್ಮವ್ವ “ಹಂಗಾರ ಆತ್ರಿ” ಎಂದು ಒಳಗೆ ಹೋದರು.

ಜಿನ್ನಪ್ಪನವರು ದಾರಿಯ ಕಡೆ ನೋಡಿ, “ಇರ್ಲಿ ಬಿಡ್ರಿ. ನಾಳೆ ಯಾರಾದರೂ ಬರ್ತಾರ” ಎಂದರು. ಯಾಕೆಂದು ಕೇಳಿದೆ. ಕೇಳಬಾರದಿತ್ತು. ಪದ್ಮವ್ವನದು ಹಳೆಯ ನೇಮ. ಚತುರ್ದಶಿಯ ದಿನ ನೀರನ್ನೂ ಮುಟ್ಟದ ಉಪವಾಸ, ಮರುದಿನ ಪರ ಊರಿನವರೊಬ್ಬರು ಮನೆಯಲ್ಲಿ ಉಂಡಮೇಲೆಯೇ ಅವರ ಊಟ. ಟಪಾಲಿನವನು ಬರುತ್ತಿದ್ದ, ಅವನಿಗೆ ಜ್ವರ. ದಾರಿಹೋಕರಿದ್ದರೆ ಸಿಗುತ್ತಿದ್ದರು, ಇವತ್ತು ಅಕ್ಕಿಆಲೂರಿನ ಸಂತೆ, ಎಲ್ಲರೂ ಆ ಕಡೆಯೇ. “ನಿನ್ನಿಯಿಂದ ಹನಿ ನೀರು ಕುಡದಿಲ್ರಿ ಅಕಿ. ಬೆಳಿಗ್ಗಿಂದ ದಾರೀನ ನೋಡಾಕತ್ತಾಳ. ಹೊತ್ತು ಮುಣಗಿದ ಮ್ಯಾಲೆ ನಾವು ಉಣ್ಣೂದಿಲ್ಲ. ಇನ್ನ ನಾಳಿಗೇ. ವಯಸ್ಸಾತು, ಮುಂಜಾನೆ ನೀರ ಸೇದಾಕ ಹೋಗಿ ಕಣ್ಣು ಕತ್ತಲಿ ಬಂದು ಬಾವಿ ಕಟ್ಟೀಮ್ಯಾಲೆ ಕುಂತಿದ್ಲು” ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ನಾನು ಎದ್ದು ನಿಂತೆ. ಪಶ್ಚಿಮಕ್ಕೆ ನೋಡಿದೆ. ಹೊತ್ತು ಹುಣಸೆ ಮರದ ನೆತ್ತಿಗೆ ಇಳಿದಿತ್ತು. “ಅಜ್ಜಾರ, ನನಗ ಹಸಿವಾಗೇತ್ರಿ” ಎಂದೆ. ಬದುಕಿನಲ್ಲಿ ಪರರ ಮನೆಯಲ್ಲಿ ಆ ಮಾತು ಆಡಿದ್ದು ಅದೇ ಮೊದಲು.

“ಈಗ ಉಂಡೀನಂದ್ರಿ?”

“ಕರಗಿತ್ರಿ.”

ಮುದುಕರ ಮುಖ ಅರಳಿತು. ನಾನು ಒಳಗೆ ನುಗ್ಗುವವನಿದ್ದೆ, ಅವರು ತಡೆದರು. “ಜಳಕ, ಪೂಜಿ ಆಗಲಿ. ನಮ್ಮ ಸಲುವಾಗಿ ನಿಮ್ಮ ನೇಮ ಕೆಡಬಾರದು.” ಇವತ್ತೊಂದು ದಿನ ನಡೆಯುತ್ತದೆ ಎಂದೆ. ನಡೆಯುವುದಿಲ್ಲ ಎಂದರು. ಅತಿಥಿಯ ವ್ರತ ಕೆಡಿಸಿ ಪದ್ಮವ್ವ ಉಣ್ಣುವವಳಲ್ಲವಂತೆ. ಇನ್ನು ನಿಜ ಹೇಳಬೇಕೆಂದರೆ, ನಾನು ಮನೆಯಲ್ಲಿ ಪೂಜೆಗೆ ಕುಳಿತರೆ ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಏಳುತ್ತೇನೆ ಎಂದು ಹೆಂಡತಿ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಾಳೆ. ಅದನ್ನು ಹೇಳಿದರೆ ಅವರು ನನ್ನ ಮುಂದಿನ ಯಾವ ಮಾತನ್ನು ನಂಬಿಯಾರು? ಬಾವಿಗೆ ಓಡಿದೆ.

ಅಲ್ಲಿ ಇನ್ನೊಂದು ಗ್ರಹಚಾರ ಕಾದಿತ್ತು. ಆ ಮನೆಯಲ್ಲಿ ನೀರನ್ನು ಸೋಸದೆ ಮುಟ್ಟುವುದಿಲ್ಲ. ಮೈಮೇಲೆ ಹಾಕುವ ನೀರೂ ಸೋಸಿದ್ದೇ ಆಗಬೇಕು. ಜಿನ್ನಪ್ಪನವರು ಒಂದು ಕೊಡ ಸೇದಿ, ಹಂಡೆಯ ಬಾಯಿಗೆ ದಪ್ಪ ಬಟ್ಟೆ ಕಟ್ಟಿ, ನಿಧಾನವಾಗಿ ಸುರಿದರು. ನೀರು ಬಟ್ಟೆಯ ಮೇಲೆ ನಿಂತು, ಯೋಚನೆ ಮಾಡಿ, ಹನಿ ಹನಿಯಾಗಿ ಇಳಿಯಿತು. ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಿಗಳನ್ನು ಮತ್ತೆ ಬಾವಿಗೇ ಬಿಟ್ಟರು. ಆಮೇಲೆ ಎರಡನೆಯ ಕೊಡ. ಬಾವಿಯ ಸಣ್ಣ ಸಣ್ಣ ಪ್ರಾಣಿಗಳೆಲ್ಲ ಸುಖವಾಗಿ ಮನೆ ಸೇರುತ್ತಿದ್ದವು, ಒಳಗೆ ಒಬ್ಬ ಮುದುಕಿ ಹಸಿದು ಕೂತಿದ್ದಳು, ನಾನು ಅವರು ಕೊಟ್ಟ ಪಂಚೆ ಸುತ್ತಿಕೊಂಡು ಹುಣಸೆ ಮರ ನೋಡುತ್ತಿದ್ದೆ. ಹೊತ್ತು ಕೊಂಬೆಗಳೊಳಗೆ ಇಳಿದಿತ್ತು.

ಪೂಜೆಗೆ ಕುಳಿತಾಗ ಬೇಗ ಮುಗಿಸಿಬಿಡಬೇಕೆಂದಿದ್ದೆ. ಕಣ್ಣು ತೆರೆದರೆ ಎದುರಿಗೆ ಪದ್ಮವ್ವ, ಗೋಡೆಗೆ ಒರಗಿ ಕುಳಿತು ಕೈ ಮುಗಿದಿದ್ದಾರೆ. ಭಾಳ ಹೊತ್ತು ಹಿಡಿಯುವ ಪೂಜೆ ನೋಡಲು ಬಂದವರು. ತುಟಿ ಒಣಗಿ ಬಿರಿದಿತ್ತು. ಆ ತುಟಿ ನೋಡಿ ನನಗೆ ಮಂತ್ರವೇ ಮರೆತುಹೋಯಿತು. ಹಾಳಾಗಿ ಹೋಗಲಿ ಮರ್ಯಾದೆ ಎಂದು ಎದ್ದುಬಿಟ್ಟೆ. “ಆತೇನ್ರಿ?” ಎಂದು ಅವರು ಆಶ್ಚರ್ಯಪಟ್ಟರು. “ಪ್ರಯಾಣದಾಗ ಸಣ್ಣ ಪೂಜಿ ಇರ್ತೈತ್ರಿ” ಎಂದೆ.

ರೊಟ್ಟಿ, ಹೆಸರುಬೇಳೆಯ ತೊವ್ವೆ, ತುಪ್ಪ, ಬೆಲ್ಲ. ಅಷ್ಟು ರುಚಿಯಾದ ಊಟವನ್ನು ಅಷ್ಟು ಭಯದಿಂದ ಯಾರೂ ಉಂಡಿರಲಾರರು. ಜಿನ್ನಪ್ಪನವರು ಅಂಗಳದಲ್ಲಿ ನಿಂತು ಹೊತ್ತು ಕಾಯುತ್ತಿದ್ದರು, “ಇನ್ನೂ ಐತಿ” ಎಂದು ಆಗಾಗ ಕೂಗಿ ಹೇಳುತ್ತಿದ್ದರು. ಎರಡು ರೊಟ್ಟಿ ಗಬಗಬನೆ ನುಂಗಿ, ಮೂರನೆಯದಕ್ಕೆ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು, “ಸಾಕ್ರಿ ಅವ್ವಾರ, ಖರೇನ ಸಾಕು, ನೀವು ಕುಂದರ್ರಿ” ಎಂದೆ.

ಪದ್ಮವ್ವ ನಕ್ಕರು. “ನೀವು ಬ್ಯಾಡ ಅಂದ್ರ ಬೇಕು ಅಂತ ಅರ್ಥ. ಆಗ ನನಗ ತಿಳೀಲಿಲ್ಲ, ಈಗ ತಿಳೀತು” ಎಂದು ಬೆರಳುಗಳ ಸಂದಿಯಿಂದಲೇ ರೊಟ್ಟಿ ಜಾರಿಸಿದರು, ಮೇಲೆ ತುಪ್ಪ. ನಾನು ಆಣೆ ಮಾಡಿದೆ. ಇನ್ನೊಂದು ಬಿತ್ತು. ಆ ಮನೆಯಲ್ಲಿ ಎಲೆಯ ಮೇಲೆ ಅನ್ನ ಬಿಡುವುದು ಪಾಪ, ಬಿಟ್ಟು ಏಳುವಂತಿಲ್ಲ. ಬಿಕ್ಕಳಿಕೆ ಹತ್ತಿತು. ಕಣ್ಣಲ್ಲಿ ನೀರು ಬಂತು, ಬಿಕ್ಕಳಿಕೆಗೋ ಅಂಜಿಕೆಗೋ ತಿಳಿಯದು. ಕೊನೆಗೆ, “ಅವ್ವಾರ, ನೀವು ಉಣ್ಣದಿದ್ರ ನನಗ ಈ ಅನ್ನ ಮೈಗೆ ಹತ್ತೂದಿಲ್ರಿ” ಎಂದು ಎರಡೂ ಕೈ ಜೋಡಿಸಿಬಿಟ್ಟೆ. ಎಂಜಲು ಕೈಯೆಂಬುದೂ ನೆನಪಿರಲಿಲ್ಲ. ಅವರು ನನ್ನ ಮುಖವನ್ನೇ ನೋಡಿದರು. ತಟ್ಟೆ ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತರು. ಅಡಿಗೆಮನೆಯಲ್ಲಿ ಬೆಳಕು ಮಬ್ಬಾಗಿತ್ತು.

“ಹೊತ್ತು ಐತೇನ್ರಿ?” ಎಂದು ಒಳಗಿನಿಂದ ಕೂಗಿದರು.

“ಐತಿ, ಐತಿ. ಸಾವಕಾಶ ಉಣ್ಣು” ಎಂದರು ಜಿನ್ನಪ್ಪನವರು.

ಕೈ ತೊಳೆಯಲು ನಾನು ಹೊರಗೆ ಬಂದೆ. ಹುಣಸೆ ಮರದ ಹಿಂದೆ ಏನೂ ಇರಲಿಲ್ಲ. ಕೆಂಪು ಸಹ ಮಾಸಿತ್ತು. ಪೂರ್ವಕ್ಕೆ ಬಸದಿಯ ಗೋಡೆಯ ಮೇಲೆ ಹುಣ್ಣಿಮೆಯ ಚಂದ್ರ ರೊಟ್ಟಿಯ ಹಂಚಿನಷ್ಟು ಅಗಲವಾಗಿ ಎದ್ದು ಕುಳಿತಿದ್ದ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ ಆ ಮುದುಕರು ಅದಕ್ಕೆ ಬೆನ್ನು ಮಾಡಿ, ಖಾಲಿ ಪಶ್ಚಿಮವನ್ನು ನೋಡುತ್ತ ನಿಂತಿದ್ದರು.

“ಕತ್ತಲಾದಂಗ ಆಗೇತಲ್ರಿ?” ಎಂದು ಒಳಗಿನಿಂದ ಮತ್ತೆ ದನಿ.

“ಮೋಡ ಅಡ್ಡ ಬಂದೈತಿ” ಎಂದರು. ನನ್ನ ಕಡೆ ತಿರುಗಿದರು. ಆ ಕಣ್ಣುಗಳನ್ನು ನಾನು ಇಂದಿಗೂ ಮರೆತಿಲ್ಲ. “ಮಾಸ್ತರಿಗೂ ಕಾಣಸ್ತೈತಿ, ಕೇಳು ಬೇಕಾರ.”

“ಹೌದ್ರಿ ಅವ್ವಾರ, ಭಾಳ ಮೋಡ. ಹೊತ್ತು ಅದರ ಹಿಂದ ಐತಿ” ಎಂದು ನಾನು ಕೂಗಿದೆ. ಯಾರೂ ಎರಡು ಸಲ ಕೇಳಬೇಕಾಗಲಿಲ್ಲ. ಒಳಗೆ ತಟ್ಟೆಯ ಸಪ್ಪಳ, ಆಮೇಲೆ ನೀರು ಗುಟುಕರಿಸುವ ಸಪ್ಪಳ ಕೇಳಿಸಿತು. ಬಹಳ ಹೊತ್ತು ಕುಡಿದರು. ಜಿನ್ನಪ್ಪನವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು.

ಹೊರಡುವಾಗ ಪದ್ಮವ್ವ ಬಾಗಿಲಿಗೆ ಬಂದರು. ಅಂಗಳದ ತುಂಬ ಬೆಳದಿಂಗಳು. ನಾವಿಬ್ಬರೂ ಗಂಡಸರು ನೆಲ ನೋಡುತ್ತ ನಿಂತೆವು. ಅವರು ಒಮ್ಮೆ ಚಂದ್ರನನ್ನು ನೋಡಿದರು, ಒಮ್ಮೆ ಗಂಡನನ್ನು, ಆಮೇಲೆ ನನ್ನನ್ನು.

“ಮೋಡ ಭಾಳ ಆಗೇತಿ” ಎಂದರು. “ಛತ್ರಿ ಬಿಚ್ಚಿಕೊಂಡು ಹೋಗ್ರಿ ಮಾಸ್ತರ.”

ಬಿಚ್ಚಿಕೊಂಡೆ. ಅವರು ಬಾಗಿಲಲ್ಲೇ ನಿಂತಿದ್ದರು, ಮಡಿಸುವ ಧೈರ್ಯ ಬರಲಿಲ್ಲ. ಹಾಗೆಯೇ ಬಸ್ಸಿನವರೆಗೆ ನಡೆದೆ. ಒಲೆ ಹೊತ್ತಿಸಿಕೊಂಡು ನನಗಾಗಿಯೇ ಕಾಯುತ್ತಿದ್ದ ಡ್ರೈವರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಹುಣ್ಣಿವಿ ಬೆಳಕಿನಾಗ ಛತ್ರಿ ಯಾಕ್ರಿ ಮಾಸ್ತರ?” ಎಂದ. “ಮೋಡ ಆಗೇತಲ್ಲಪಾ” ಎಂದೆ. ಅವನು ಸ್ವಚ್ಛ ಆಕಾಶ ನೋಡಿದ, ನನ್ನಿಂದ ಒಂದು ಹೆಜ್ಜೆ ಹಿಂದೆ ಸರಿದ. ಒಳಗೆ ಹತ್ತಿದಾಗ ಆ ರೈತ ತನ್ನ ಗಂಟುಮೂಟೆ ಎತ್ತಿಕೊಂಡು ಹಿಂದಿನ ಸೀಟಿಗೆ ಹೋದ, ಅವನ ಪಕ್ಕದವನೂ ಹೋದ. ‘ಇರ್ಲಿ ಬಿಡ್ರಿ’ ಎನ್ನಲು ಯಾರೂ ಅವಕಾಶ ಕೊಡದೆ, ಇಡೀ ಬೆಂಚು ನನ್ನದಾಯಿತು. ಹಾನಗಲ್ಲಿನವರೆಗೆ ಕಾಲು ಚಾಚಿ ಕುಳಿತೇ ಬಂದೆ.