ಗೋಡೆಯ ಮೇಲೆ ಡೆನ್ಜಿಲ್‌ನ ಮುಖ

ಡೆನ್ಜಿಲ್ ನ್ಯಾನ್‌ಕಿವೆಲ್ ಆ ಶುಕ್ರವಾರ ಹಲ್ಲು ಕಟ್ಟಿಸಿಕೊಳ್ಳಲು ಹೋಗದೆ ಊರಲ್ಲೇ ಇದ್ದಿದ್ದರೆ ಶನಿವಾರದ ರಾದ್ಧಾಂತ ಆಗುತ್ತಲೇ ಇರಲಿಲ್ಲ. ಆದರೆ ಅವನು ಹೋದದ್ದಕ್ಕೂ ಒಂದು ಕಾರಣವಿತ್ತು.

ನಮ್ಮ ಪೆನ್‌ಗಾರಾ ಊರಿನ ಬ್ಯಾಂಡಿನಲ್ಲಿ ಅವನು ನಲವತ್ತೊಂದು ವರ್ಷದಿಂದ ಟ್ಯೂಬಾ ಎಂಬ ಭಾರಿ ಹಿತ್ತಾಳೆ ವಾದ್ಯ ಊದುತ್ತಿದ್ದ. ತಾಮ್ರದ ಗಣಿ ಮುಚ್ಚಿತು, ಗಣಿಯವರ ಮೊಮ್ಮಕ್ಕಳು ಬಾರ್ಲಿ ಬಿತ್ತಲು ಹೊರಟರು, ಬ್ಯಾಂಡು ಮಾತ್ರ ನಿಲ್ಲಲಿಲ್ಲ. ವರ್ಷಕ್ಕೊಂದು ಫೋಟೊ ತೆಗೆಸಿ ಬ್ಯಾಂಡ್ ಹಾಲಿನ ಪಡಸಾಲೆಯಲ್ಲಿ ತೂಗುಹಾಕುವ ಪದ್ಧತಿಯೂ ನಿಲ್ಲಲಿಲ್ಲ. ಡೆನ್ಜಿಲ್‌ನ ಟ್ಯೂಬಾ ಹಳೇ ಕಾಲದ್ದು, ಬಾಯಿ ಮುಂದಕ್ಕೆ ತಿರುಗಿದ್ದು, ಬಟ್ಟೆ ಒಗೆಯುವ ತೊಟ್ಟಿಯಷ್ಟು ಅಗಲದ್ದು. ಅದನ್ನು ಹಿಡಿದು ಕೂತರೆ ಹಿಂದೆ ಮನುಷ್ಯ ಇದ್ದಾನೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ನಲವತ್ತೊಂದು ಫೋಟೊಗಳಲ್ಲೂ ಹಿಂದಿನ ಸಾಲಿನಲ್ಲಿ ಕಾಣುವುದು ಎರಡು ಕಾಲು ಮೊಳೆತ ಒಂದು ಟ್ಯೂಬಾ ಅಷ್ಟೆ. ಹಾಲಿಗೆ ಹೊಸಬರು ಬಂದರೆ ಅವನ ಹೆಂಡತಿ ಊನಾ, "ಇವನೇ ನನ್ನ ಗಂಡ. ಷೂ ನೋಡಿ ಗುರುತು ಹಿಡೀಬೇಕು" ಎಂದು ತೋರಿಸುತ್ತಿದ್ದಳು.

ಹಾಗಿರುವಾಗ ಪಕ್ಕದ ಕೋಲ್ಬಿಯವರು ತಮ್ಮ ಧಾನ್ಯ ತುಂಬಿಡುವ ಗೋಪುರದ ಮೇಲೆ ಒಂದು ಕುರಿ ಕಾಯುವ ನಾಯಿಯ ಚಿತ್ರ ಬರೆಸಿದರು. ಅದನ್ನು ನೋಡಲು ಬಸ್ಸುಗಳು ಬಂದು ನಿಲ್ಲತೊಡಗಿದವು. ನಾಯಿಗೇ ಇಷ್ಟು ಮರ್ಯಾದೆ ಸಿಕ್ಕರೆ ಬ್ಯಾಂಡಿಗೆ ಎಷ್ಟು ಸಿಗಬೇಡ ಎಂದು ನಮ್ಮ ಊರಿನ ಕಮಿಟಿ, ಹಾಲಿನ ಬೀದಿಬದಿಯ ಗೋಡೆಗೆ ಚಿತ್ರ ಬರೆಯಲು ಅಡಿಲೇಡಿನಿಂದ ಲಿನ್ ಫಾಮ್ ಎಂಬ ಕಲಾವಿದೆಯನ್ನು ಕರೆಸಿತು. ಆಕೆ ಬಂದವಳೇ ಪಡಸಾಲೆಯ ಫೋಟೊಗಳನ್ನೆಲ್ಲ ನೋಡಿ, ಡೆನ್ಜಿಲ್ ಕಡೆ ತಿರುಗಿ, "ನಿಮ್ಮ ಟ್ಯೂಬಾನ ಮಡಿಲಲ್ಲಿ ಇಡೋಣ. ಈ ಸಲ ಮುಖ ಕಾಣ್ಲಿ" ಎಂದುಬಿಟ್ಟಳು.

ಅಂದಿನಿಂದ ಡೆನ್ಜಿಲ್ ನೆಲದ ಮೇಲೆ ನಡೆಯಲಿಲ್ಲ. ಹದಿನೈದು ವರ್ಷದಿಂದ ಖಾಲಿ ಬಿದ್ದಿದ್ದ ಮುಂದಿನ ಹಲ್ಲಿನ ಜಾಗ ಅವನಿಗೆ ಆಗ ನೆನಪಾಯಿತು. ಎರಡಾಳೆತ್ತರದ ನಗುವಿನಲ್ಲಿ ಆ ಸಂದು ಬಾಗಿಲಿನಷ್ಟು ಕಂಡೀತು ಎಂದು ಶುಕ್ರವಾರ ಎಪ್ಪತ್ತು ಮೈಲಿ ಹೋಗಿ ಹಲ್ಲು ಕಟ್ಟಿಸಿಕೊಂಡು ಬಂದ. ಬಾಯಿ ಮರಗಟ್ಟಿತ್ತು. ಊನಾ ಏನೋ ಹೇಳಲು ಬಂದಳು, ಇವನು ಕೈಯಾಡಿಸಿ ಹೊದ್ದು ಮಲಗಿದ.

ಶನಿವಾರ ಬೆಳಿಗ್ಗೆ ಆರಕ್ಕೆ ಹಾಲಿನ ಬೀಗ ತೆಗೆಯಲು ಬಂದವನು ಗೋಡೆ ನೋಡಿ ನಿಂತಲ್ಲೇ ನಿಂತ. ಹಾಲಿನ ಬೀಗದಕೈ ಇದ್ದದ್ದು ಅವನ ಹತ್ತಿರವೇ. ಗೋಡೆಯ ತುಂಬ ನೀಲಿ ಗೀಚು. ಒಂದು ಕಡೆ ಸೊನ್ನೆ, ಒಂದು ಕಡೆ ಗಾಳದ ಕೊಕ್ಕೆ, ಮೇಲೆ ಸುರುಳಿ, ಕೆಳಗೆ ಅಡ್ಡಾದಿಡ್ಡಿ ಗೆರೆ. ಬಣ್ಣದ ಡಬ್ಬದಲ್ಲಿ ಬಿದ್ದೆದ್ದ ಕೋಳಿ ಗೋಡೆ ಹತ್ತಿ ಓಡಾಡಿದ ಹಾಗಿತ್ತು.

"ಕೋಲ್ಬಿಯವರು" ಎಂದ ಡೆನ್ಜಿಲ್ ತನ್ನಷ್ಟಕ್ಕೆ. "ಹೊಟ್ಟೆಕಿಚ್ಚು."

ಇವತ್ತು ಹನ್ನೊಂದಕ್ಕೆ ಲಿನ್ ಕೆಲಸ ಶುರುಮಾಡುವವಳು. ಪಾಪ, ಆ ಹುಡುಗಿ ಇದನ್ನು ನೋಡಿ ಏನೆಂದುಕೊಂಡಾಳು? ಅವನು ಹಾಲಿನ ಉಗ್ರಾಣದಿಂದ ಏಣಿ ತಂದ, ಉಳಿದಿದ್ದ ಕೆನೆಬಣ್ಣದ ಡಬ್ಬ ತಂದ. ಒಂದೂವರೆ ಗಂಟೆ ಬೆವರು ಸುರಿಸಿ ಇಡೀ ಗೋಡೆಯನ್ನು ಹಾಲು ಬಳಿದ ಹಾಗೆ ಮಾಡಿದ. ಆಮೇಲೆ ತನ್ನ ಕೆಲಸ ನೋಡಿ ಸಂತೋಷಪಡಲೆಂದು ಹಿಂದಿದ್ದ ಹಲಗೆಯ ಮೇಲೆ ಕೂತ. ಬಣ್ಣದ ತಟ್ಟೆಯನ್ನು ಆ ಹಲಗೆಯ ಮೇಲೇ ಇಟ್ಟಿದ್ದನ್ನು ಮರೆತಿದ್ದ.

ಎದುರಿನ ಬೇಕರಿಯ ಬಾಗಿಲು ತೆರೆಯಿತು. ಬಿಸಿ ಪಾಸ್ಟಿಗಳ ತಟ್ಟೆ ಹಿಡಿದು ಏವಿಸ್ ಟ್ರೆಂಬಾತ್ ಹೊರಗೆ ಬಂದಳು. ಊರಿಗೆಲ್ಲ ಆಲೂಗಡ್ಡೆ ಮಾಂಸ ತುಂಬಿದ ಕರ್ಜಿಕಾಯಿಯಂಥ ಪಾಸ್ಟಿ ತಿನ್ನಿಸುವವಳೂ ಅವಳೇ, ಕಮಿಟಿಯ ಅಧ್ಯಕ್ಷೆಯೂ ಅವಳೇ. ಗೋಡೆ ನೋಡಿದಳು. ತಟ್ಟೆ ಓರೆಯಾಗಿ ಎರಡು ಪಾಸ್ಟಿ ಬೀದಿಗೆ ಬಿದ್ದವು.

"ಡೆನ್ಜಿಲ್, ಗೋಡೆ ಮೇಲೆ ಇದ್ದದ್ದು ಎಲ್ಲೋ?"

"ಬಳಿದುಬಿಟ್ಟೆ. ಎರಡು ಕೋಟು."

"ಎರಡು ಕೋಟಾ?"

"ಒಂದರಲ್ಲಿ ನೀಲಿ ಇಣುಕ್ತಿತ್ತು. ಆ ಪುಂಡರು ಯಾರು ಅಂತ ಪತ್ತೆ ಹಚ್ಚಬೇಕು ಏವಿಸ್."

"ಪತ್ತೆ ಹಚ್ಚೋದೇನು ಬಂತು, ನಿನ್ನೆ ಸಾಯಂಕಾಲ ನಮ್ಮೆಲ್ಲರ ಮುಂದೆ ನಿಂತು ಗೀಚಿದ್ಲಲ್ಲ. ಲಿನ್ನೇ ಕಣೋ."

ಡೆನ್ಜಿಲ್‌ನ ಹೊಸ ಹಲ್ಲು ಒಂದು ಸಲ ಝುಮ್ಮೆಂದಿತು. ಏವಿಸ್ ಹೇಳುತ್ತ ಹೋದಳು. ಅಷ್ಟು ದೊಡ್ಡ ಗೋಡೆಯ ಹತ್ತಿರ ನಿಂತರೆ ಎಲ್ಲಿ ಏನು ಬರೆಯಬೇಕೋ ತಿಳಿಯುವುದಿಲ್ಲವಂತೆ. ಅದಕ್ಕೆ ಮೊದಲು ಗೋಡೆ ತುಂಬ ಗೀಚಿ, ಫೋನಿನಲ್ಲಿ ಫೋಟೊ ತೆಗೆದು, ಆ ಫೋಟೊದ ಮೇಲೆ ಚಿತ್ರವನ್ನು ಕೂರಿಸಿಕೊಳ್ಳುತ್ತಾಳಂತೆ. ಆಮೇಲೆ ಗೀಚೇ ದಾರಿಗುರುತು. ಸೊನ್ನೆಯ ಎಡಕ್ಕೆ ಒಬ್ಬನ ಕಿವಿ, ಸುರುಳಿಯ ಕೆಳಗೆ ಇನ್ನೊಬ್ಬನ ಟೋಪಿ.

"ಗುರುತು ಇಲ್ದಿದ್ರೆ ನಾನು ಕುರುಡಿ ಅಂದ್ಲು. ಇವತ್ತು ಕೆಲಸ ಶುರುವಾಗದಿದ್ರೆ ಮುಂದಿನ ವರ್ಷವೇ ಅಂತ. ಕೋಲ್ಬಿಯವರು ಬೇರೆ ಅವಳ ಕೈಲಿ ಇನ್ನೊಂದು ನಾಯಿ ಬರೆಸೋಕೆ ಕಾಯ್ತಿದಾರೆ."

"ನನ್ನ ಮುಖ ಎಲ್ಲಿತ್ತು?" ಎಂದ ಡೆನ್ಜಿಲ್ ಸಣ್ಣ ದನಿಯಲ್ಲಿ.

"ಗಾಳದ ಕೊಕ್ಕೆ ಪಕ್ಕ ನಿನ್ನ ಮೂಗು."

ಡೆನ್ಜಿಲ್ ಆ ಜಾಗವನ್ನು ನೋಡಿದ. ಅಲ್ಲಿ ಅವನೇ ಅತಿ ನಯವಾಗಿ ಬಳಿದ ಕೆನೆಬಣ್ಣ ಬಿಸಿಲಿಗೆ ಹೊಳೆಯುತ್ತಿತ್ತು.

"ಈಗೇನ್ ಮಾಡೋದು?"

"ಹನ್ನೊಂದಕ್ಕೆ ಮುಂಚೆ ಮತ್ತೆ ಗೀಚು. ನಿನ್ನೆ ಹೇಗಿತ್ತೋ ಹಾಗೇ. ನನಗೆ ಒಂದು ಚೂರು ನೆನಪಿದೆ. ಬಲಗಡೆ ಮೇಲೆ ಪಾಸ್ಟಿಯ ಅಂಚು ಮಡಿಸಿದ ಹಾಗೆ ಒಂದಿತ್ತು."

ಹಾಲಿನ ಬಾಗಿಲಿಗೆ ಬಳಿದು ಉಳಿದ ನೀಲಿ ಡಬ್ಬ ಸಿಕ್ಕಿತು. ಡೆನ್ಜಿಲ್ ಏಣಿ ಹತ್ತಿದ. ಏವಿಸ್ ಕೆಳಗಿನಿಂದ ನಿರ್ದೇಶನ ಕೊಟ್ಟಳು. ಆದರೆ ಅವಳ ನೆನಪೆಲ್ಲ ಅಡುಗೆಮನೆಯದೇ. ಪಾಸ್ಟಿಯ ಅಂಚಾದ ಮೇಲೆ ಲಟ್ಟಣಿಗೆ, ಅದಾದ ಮೇಲೆ ಈರುಳ್ಳಿ ಸಿಪ್ಪೆ. ಅಷ್ಟು ಹೊತ್ತಿಗೆ ಬೇಕರಿಗೆ ಬಂದವರೆಲ್ಲ ಬೀದಿಯಲ್ಲಿ ನಿಂತರು. ಬ್ಯಾಂಡಿನಲ್ಲಿ ದೊಡ್ಡ ಡ್ರಮ್ಮು ಬಾರಿಸುವ ಹೆಂಗಸು, "ಅದು ಈರುಳ್ಳಿ ಅಲ್ಲ, ಕೊಡೆಯ ಹಿಡಿಕೆ" ಎಂದಳು. ಅಂಚೆ ಹಂಚುವವನು, "ಕೊಡೆಯೂ ಅಲ್ಲ, ಕಾಂಗರೂ ಬಾಲ" ಎಂದ. ಪ್ರತಿಯೊಬ್ಬರೂ ತಮ್ಮ ತಮ್ಮ ಮುಖ ಬರುವ ಜಾಗದ ಗುರುತನ್ನು ಮಾತ್ರ ನೆನಪಿಟ್ಟಿದ್ದರು. ಅದನ್ನು ಅಂಗೈ ಅಗಲವೂ ಆಚೀಚೆ ಸರಿಸಲು ಒಪ್ಪಲಿಲ್ಲ. ಕೊಡೆಯ ಹಿಡಿಕೆಗೂ ಕಾಂಗರೂ ಬಾಲಕ್ಕೂ ಒಂದೇ ಜಾಗ ಬಿದ್ದು, ಮಾತು ತಾತಂದಿರ ಗಣಿಕಾಲದ ಜಗಳದವರೆಗೆ ಹೋಯಿತು.

ಆಗ ಬಂದವನು ಕ್ಲಾರಿ ಪೆನ್‌ಹೇಲ್. ಬ್ಯಾಂಡಿನ ಮುಂದಿನ ಸಾಲಿನಲ್ಲಿ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಊದುವವನು. ನಲವತ್ತೊಂದು ಫೋಟೊಗಳಲ್ಲೂ ಮಧ್ಯದಲ್ಲಿ ಹಲ್ಲು ಬಿಟ್ಟುಕೊಂಡು ನಿಂತವನು. ಸಂಗತಿ ಕೇಳಿ ಅವನು ಹೊಟ್ಟೆ ಹಿಡಿದು ನಕ್ಕು, ಆಮೇಲೆ ತನ್ನ ಮೂಗೂ ಹೋಯಿತು ಎಂದು ಗೊತ್ತಾದಾಗ ನಗು ನಿಲ್ಲಿಸಿದ.

"ತಡೀರಿ" ಎಂದ. "ನಿನ್ನೆ ಸಾಯಂಕಾಲ ಪಬ್ಬಿನಲ್ಲಿ ನಾನು ಈ ಗೋಡೆನ ಊದಿರಲಿಲ್ವಾ?"

ಹೌದಲ್ಲ ಎಂದು ಎಲ್ಲರಿಗೂ ನೆನಪಾಯಿತು. ಗೋಡೆ ನೋಡಿ ಬಂದ ಕ್ಲಾರಿ ತಮಾಷೆಗೆಂದು, ಆ ಗೀಚುಗಳನ್ನೇ ಸ್ವರ ಬರೆದ ಹಾಳೆಯೆಂದುಕೊಂಡು ಎಡದಿಂದ ಬಲಕ್ಕೆ ಊದಿದ್ದ. ಮೇಲಿನ ಗೀಚಿಗೆ ಮೇಲಿನ ಸ್ವರ, ಕೆಳಗಿನದಕ್ಕೆ ಕೆಳಗಿನದು, ಸುರುಳಿಗೆ ಗಮಕ. ಮೂರು ಸಲ ಊದಿಸಿ ಜನ ಮೇಜು ಕುಟ್ಟಿದ್ದರು. ನಮ್ಮ ಬ್ಯಾಂಡಿನವರಿಗೆ ಕಣ್ಣಲ್ಲಿ ನೋಡಿದ್ದು ಮರೆತೀತು, ಕಿವಿಯಲ್ಲಿ ಬಿದ್ದದ್ದು ಮರೆಯದು.

"ನಾನು ಊದ್ತೀನಿ, ನೀನು ಬರಿ" ಎಂದ ಕ್ಲಾರಿ. "ತೀರ ಕೆಳಗಿನ ಸ್ವರ ನನ್ನ ಕಾರ್ನೆಟ್ಟಿಗೆ ನಿಲುಕೋದಿಲ್ಲ, ನಿನ್ನೆ ಅದನ್ನ ಬಾಯಲ್ಲೇ ಗುನುಗಿದ್ದೆ. ಇವನ ಟ್ಯೂಬಾ ತನ್ನಿ."

ಟ್ಯೂಬಾ ಬಂದು ಏಣಿಯ ಬುಡದಲ್ಲಿ ಬಾಯಿ ಮೇಲೆ ಮಾಡಿಕೊಂಡು ಕೂತಿತು. ಬ್ಯಾಂಡಿನವರು ಒಬ್ಬೊಬ್ಬರಾಗಿ ತಮ್ಮ ವಾದ್ಯ ಹಿಡಿದು ಬಂದರು, ನಿನ್ನೆ ಕೇಳಿದ್ದನ್ನು ತಿದ್ದಲು. ಕ್ಲಾರಿ ಊದಿದ. ಡೆನ್ಜಿಲ್ ಸ್ವರ ಏರಿದ ಹಾಗೆ ಏಣಿ ಏರಿದ, ಇಳಿದ ಹಾಗೆ ಇಳಿದ. ಕುಂಚ ಗೋಡೆಯ ಮೇಲೆ ಹರಿಯಿತು.

"ಅಲ್ಲಿ ಸ್ವಲ್ಪ ಕೊಂಕಿತ್ತು ಕ್ಲಾರಿ" ಎಂದಳು ಡ್ರಮ್ಮಿನವಳು.

"ಅದು ಕೊಂಕಲ್ಲ, ಬಿಕ್ಕಳಿಕೆ. ಆಗ ನಾಲ್ಕನೇ ಗ್ಲಾಸು."

"ಬಿಕ್ಕಳಿಕೆನೂ ಬರೀಲಾ?" ಎಂದ ಡೆನ್ಜಿಲ್ ಮೇಲಿನಿಂದ.

"ಬೇಡ. ಅಳಿಸು."

ಡೆನ್ಜಿಲ್ ಹತ್ತು ಸಲ ಏರಿ ಇಳಿದ ಮೇಲೆ ಏಣಿಯೇ ಅಲುಗಾಡತೊಡಗಿತು. ಊನಾ ಬಂದು ಏಣಿ ಹಿಡಿದುಕೊಂಡಳು. ಮೇಲೆ ನೋಡಿದವಳು, "ಡೆನ್ಜಿಲ್, ಏನಾದ್ರೂ ಆಗ್ಲಿ, ಬೀದಿಗೆ ಮಾತ್ರ ಬೆನ್ನು ಮಾಡ್ಬೇಡ" ಎಂದಳು.

"ಏಣಿ ಮೇಲೆ ಇನ್ನು ಹೇಗೆ ನಿಲ್ಲೋದು?"

"ನಿನ್ನ ಪ್ಯಾಂಟಿನ ಹಿಂದೆ ಎರಡು ಹುಣ್ಣಿಮೆ ಮೂಡಿವೆ."

ಬೀದಿಯೆಲ್ಲ ನಕ್ಕಿತು. ಡೆನ್ಜಿಲ್ ಒಂದು ಕೈಯಿಂದ ಹಿಂಬದಿ ಮುಚ್ಚಿಕೊಳ್ಳಲು ಹೋದ. ಆ ಕೈಯಲ್ಲೇ ನೀಲಿ ಡಬ್ಬವಿತ್ತು. ಅದು ಜಾರಿ, ಊನಾಳ ಕಿವಿಯ ಪಕ್ಕದಲ್ಲಿ ಹಾದು, ನೇರವಾಗಿ ಟ್ಯೂಬಾದ ಬಾಯಿಗೆ ಬಿತ್ತು. ಡಬ್ಬ ತೆಗೆದರೂ ಬಣ್ಣ ಒಳಗೇ ಉಳಿಯಿತು. ಅಷ್ಟರಲ್ಲಿ ಕೆಳಗಿನ ಸ್ವರದ ಸರದಿ ಬಂದಿತ್ತು. ಬೇರೆ ಯಾರಿಗೂ ಆ ಟ್ಯೂಬಾ ಊದಲು ಬಾರದು. ಡೆನ್ಜಿಲ್ ಇಳಿದು ಬಂದು, ಅದನ್ನು ಗೋಡೆಗೆ ತಿರುಗಿಸಿ, ಶ್ವಾಸ ಎಳೆದು ಊದಿದ. ಸ್ವರ ಬರುವ ಮೊದಲು ನೀಲಿ ಬಂತು. ಗೋಡೆಯ ನಡುಮಧ್ಯ ಕಡಲಿನ ಕಟ್ಲ್‌ಫಿಶ್ ಮಸಿ ಕಾರಿದ ಹಾಗೆ ಒಂದು ದೊಡ್ಡ ಚೆಲ್ಲು.

"ಇದು ನಿನ್ನೆ ಇರಲಿಲ್ಲ" ಎಂದಳು ಏವಿಸ್.

ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಉಳಿದದ್ದು ಗಾಳದ ಕೊಕ್ಕೆ ಒಂದೇ. ಡೆನ್ಜಿಲ್ ಮತ್ತೆ ಹತ್ತಿದ. ತನ್ನ ಮೂಗಿನ ಪ್ರಶ್ನೆಯಾದ್ದರಿಂದ ಕ್ಲಾರಿಯಿಂದ ಆ ಒಂದು ಸ್ವರವನ್ನು ಆರು ಸಲ ಊದಿಸಿ, ನಾಲಗೆ ಕಚ್ಚಿಕೊಂಡು, ಮೀಸೆ ತಿದ್ದುವವನ ಹಾಗೆ ಕೊಕ್ಕೆಯನ್ನು ಬರೆದು ಮುಗಿಸಿದ.

ಹಿಂದೆ ಯಾರೋ ಚಪ್ಪಾಳೆ ತಟ್ಟಿದರು. ಬೇಕರಿಯ ಮುಂದಿನ ಬೆಂಚಿನ ಮೇಲೆ ಲಿನ್ ಕೂತಿದ್ದಳು. ಮೊಣಕಾಲ ಮೇಲೆ ಹಾಳೆಯ ಪುಸ್ತಕ, ಕೈಯಲ್ಲಿ ಪೆನ್ಸಿಲ್, ಪಕ್ಕದಲ್ಲಿ ಅರ್ಧ ತಿಂದ ಪಾಸ್ಟಿ. ಗಲಾಟೆಯಲ್ಲಿ ಅವಳನ್ನು ಯಾರೂ ನೋಡಿರಲಿಲ್ಲ.

"ನೀನು ಯಾವಾಗ ಬಂದೆ?" ಎಂದಳು ಏವಿಸ್.

"ಒಂದು ಗಂಟೆ ಆಯ್ತು. ಬೇಗ ಬರಬೇಕಾಯ್ತು. ನಿನ್ನೆ ರಾತ್ರಿ ದೋಣಿಕಟ್ಟೆ ಮೇಲೆ ಸ್ಕ್ವಿಡ್ ಮೀನು ಹಿಡಿಯೋಕೆ ಕೂತಿದ್ದೆ, ಫೋನು ಸಮುದ್ರಕ್ಕೆ ಬಿತ್ತು. ಗೋಡೆ ಫೋಟೊನೂ ಅದರ ಜೊತೆಗೇ ಹೋಯ್ತು. ಬೇರೆ ಫೋನು ಇಸ್ಕೊಂಡು ಮತ್ತೆ ತೆಗೀಬೇಕಿತ್ತು."

ಏಣಿಯ ಮೇಲಿದ್ದ ಡೆನ್ಜಿಲ್ ಮೆಲ್ಲಗೆ ಕೇಳಿದ. "ಹಾಗಾದ್ರೆ ಈ ಗುರುತುಗಳು ನಿನ್ನೆಯ ಹಾಗೇ ಇರಬೇಕು ಅಂತ..."

"ಯಾವ ಗುರುತಾದ್ರೂ ಆಗುತ್ತೆ. ಏನೋ ಒಂದು ಇರಬೇಕಷ್ಟೆ. ನೀವು ಬೆಳ್ಳಗೆ ಬಿಟ್ಟಿದ್ರೂ ನಾನು ಅರ್ಧ ಗಂಟೇಲಿ ಗೀಚ್ಕೊಳ್ತಿದ್ದೆ."

ಬೀದಿಯಲ್ಲಿದ್ದವರೆಲ್ಲ ಏವಿಸ್ ಕಡೆ ನೋಡಿದರು. ಏವಿಸ್ ಪಾಸ್ಟಿ ತಟ್ಟೆಯ ಕಡೆ ನೋಡಿದಳು.

ಡೆನ್ಜಿಲ್‌ಗೆ ಸಿಟ್ಟು ಬರಲಿಲ್ಲ. ಬೆವರು ಸುರಿದರೇನು, ಪ್ಯಾಂಟು ಹಾಳಾದರೇನು, ಮುಖ ಉಳಿಯಿತಲ್ಲ. ಅವನು ಕೆಳಗಿಳಿದು, ಹೊಸ ಹಲ್ಲು ಕಾಣುವ ಹಾಗೆ ನಕ್ಕು, "ಹಾಗಾದ್ರೆ ಶುರುಮಾಡು ತಾಯಿ. ನಾನು ಎಲ್ಲಿ ಕೂರ್ಲಿ?" ಎಂದ.

"ನೀವು ಕೂರೋದು ಬೇಡ" ಎಂದಳು ಲಿನ್. ಅವಳ ಕಣ್ಣುಗಳು ಹೊಳೆಯುತ್ತಿದ್ದವು. "ಆ ಹಳೇ ಚಿತ್ರ ಬಿಟ್ಟುಬಿಟ್ಟೆ. ಸಾಲಾಗಿ ಕೂತು ಫೋಟೊ ತೆಗೆಸ್ಕೊಂಡ ಹಾಗೆ, ಜೀವವೇ ಇರಲಿಲ್ಲ. ಇಷ್ಟು ವರ್ಷ ಗೋಡೆ ಬರೀತಿದೀನಿ, ಒಂದು ಊರು ಗೋಡೆನ ಊದಿ ಬರೆದಿದ್ದನ್ನ ಎಲ್ಲೂ ನೋಡಿರಲಿಲ್ಲ. ಇದನ್ನೇ ಬರೀತೀನಿ."

ಪುಸ್ತಕ ತಿರುಗಿಸಿ ತೋರಿಸಿದಳು. ಕಮಿಟಿಯವರೂ ಬ್ಯಾಂಡಿನವರೂ ಕತ್ತು ಚಾಚಿದರು. ಚಿತ್ರದಲ್ಲಿ ಎಲ್ಲರೂ ಬೀದಿಗೆ ಮುಖ ಮಾಡಿ ನಿಂತು ಊದುತ್ತಿದ್ದರು. ಕ್ಲಾರಿಯ ಕೆನ್ನೆ ಉಬ್ಬಿತ್ತು, ಡ್ರಮ್ಮಿನವಳ ಕೈ ಗಾಳಿಯಲ್ಲಿತ್ತು, ಏವಿಸ್ ತಟ್ಟೆ ಹಿಡಿದಿದ್ದಳು, ಊನಾ ಏಣಿ ಹಿಡಿದು ಬೀದಿಯ ಕಡೆ ನೋಡಿ ನಗುತ್ತಿದ್ದಳು. ಟ್ಯೂಬಾದ ಒಂದೊಂದು ನೆಗ್ಗೂ ಸ್ಪಷ್ಟವಾಗಿತ್ತು. ನಟ್ಟನಡುವೆ, ಎಲ್ಲರಿಗಿಂತ ಎತ್ತರದಲ್ಲಿ, ಎಲ್ಲರಿಗಿಂತ ದೊಡ್ಡದಾಗಿ, ಏಣಿಯ ಮೇಲೆ ಡೆನ್ಜಿಲ್. ಬೋಳು ನೆತ್ತಿ, ಬೆವೆತ ಬೆನ್ನು, ಅದರ ಕೆಳಗೆ ಎರಡು ಹುಣ್ಣಿಮೆ.

"ನನ್ನ ಮುಖ?" ಎಂದ ಡೆನ್ಜಿಲ್.

"ಗೋಡೆ ಬರೆಯೋರ ಮುಖ ಗೋಡೆ ಕಡೆಗೇ ಇರುತ್ತೆ" ಎಂದಳು ಲಿನ್, ಸಮಾಧಾನವಾಗಿ. "ನನ್ನ ಫೋಟೊಗಳೂ ಎಲ್ಲ ಹಾಗೇ."

ಕಮಿಟಿ ಅಲ್ಲೇ ಬೀದಿಯಲ್ಲಿ ಕೈ ಎತ್ತಿ ಒಪ್ಪಿಗೆ ಕೊಟ್ಟಿತು. ಒಂದು ಕೈ ಮಾತ್ರ ಮೇಲೇಳಲಿಲ್ಲ. ಅದು ಹೊಸ ಹಲ್ಲನ್ನು ಮುಟ್ಟಿ ನೋಡಿಕೊಳ್ಳುತ್ತಿತ್ತು.

ಹತ್ತು ದಿನಕ್ಕೆ ಚಿತ್ರ ಮುಗಿಯಿತು. ಊನಾ ತುಂಬ ಹೊತ್ತು ನೋಡಿ, "ಈಗ ಷೂ ನೋಡೋ ಅಗತ್ಯ ಇಲ್ಲ" ಎಂದಳು. ಮರುದಿನವೇ ಮೊದಲ ಬಸ್ಸು, ಕೋಲ್ಬಿಯಲ್ಲಿ ನಿಲ್ಲದೆ, ಹಾಲಿನ ಮುಂದೆ ಬಂದು ನಿಂತಿತು. ಡೆನ್ಜಿಲ್ ಕ್ಷೌರ ಮಾಡಿಸಿಕೊಂಡು, ಬ್ಯಾಂಡಿನ ಕೋಟು ತೊಟ್ಟು ಬಾಗಿಲಲ್ಲೇ ನಿಂತಿದ್ದ. ಇಳಿದ ಹೆಂಗಸೊಬ್ಬಳು ಗೋಡೆ ನೋಡಿ, ಅವನನ್ನು ನೋಡಿ, "ಇದರಲ್ಲಿ ನೀವೂ ಇದೀರಾ?" ಎಂದು ಕೇಳಿದಳು.

ಡೆನ್ಜಿಲ್ ಎದೆಯುಬ್ಬಿಸಿ ಏಣಿಯ ಕಡೆ ಬೆರಳು ತೋರಿಸಿ, ಹಲ್ಲು ಕಾಣುವಂತೆ ಅಗಲವಾಗಿ ನಕ್ಕ.

ಆಕೆ ಸಂಭ್ರಮದಿಂದ ಬಸ್ಸಿನವರನ್ನೆಲ್ಲ ಕೂಗಿ ಕರೆದಳು. ಇಪ್ಪತ್ತು ಜನ ಫೋನು ಹಿಡಿದು ಅವನ ಮುಂದೆ ಸಾಲಾಗಿ ನಿಂತರು. ನಲವತ್ತೊಂದು ವರ್ಷ ಕಾದ ಗಳಿಗೆ ಅದು. ಡೆನ್ಜಿಲ್ ಕೋಟು ಸರಿಮಾಡಿಕೊಂಡು ಗದ್ದ ಎತ್ತಿದ.

"ಹಾಗಲ್ಲ" ಎಂದಳು ಆಕೆ, ಬಹಳ ಮರ್ಯಾದೆಯಿಂದ. "ಒಂಚೂರು ಆ ಕಡೆ ತಿರುಗಿ ನಿಲ್ತೀರಾ? ಗುರುತು ಸಿಗಬೇಕಲ್ಲ."